ಷೇರುಪೇಟೆಯ ಮೊದಲ ಕಾವಲುಗಾರ ಜೋಸೆಫ್ ಕೆನಡಿ

ಹಿಂದೂಪುರದಲ್ಲಿ ರೇಷ್ಮೆಗೂಡಿನ ಹರಾಜು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಗುಂಪಿನ ಇಬ್ಬರು ಎದುರುಬದುರು ಕೂಗಿ ಬೆಲೆ ಏರಿಸಿದರೆ, ನಂಬಿ ಕೊಂಡ ಮೂರನೆಯವನು ಮುಳುಗುತ್ತಾನೆ. 1920ರ ದಶಕದಲ್ಲಿ ಅಮೆರಿಕದ ಷೇರುಪೇಟೆಯಲ್ಲಿ ಇಂಥ ಆಟ ಧಾರಾಳವಾಗಿ ನಡೆಯುತ್ತಿತ್ತು. ಅದರಲ್ಲಿ ಪಳಗಿದವರಲ್ಲಿ ಜೋಸೆಫ್ ಕೆನಡಿಯೂ ಒಬ್ಬರು. ಮುಂದೆ ಅದನ್ನು ತಡೆಯುವ ಹೊಣೆ ಹೊತ್ತವರೂ ಅವರೇ.

1888ರಲ್ಲಿ ಬಾಸ್ಟನ್ ನಗರದಲ್ಲಿ ಜನಿಸಿದ ಕೆನಡಿ, 25ನೇ ವಯಸ್ಸಿಗೇ ಸಣ್ಣ ಬ್ಯಾಂಕೊಂದರ ಅಧ್ಯಕ್ಷರಾದರು. ಷೇರು, ಸಿನಿಮಾ ವ್ಯವಹಾರಗಳಲ್ಲಿ ಅಪಾರ ಹಣ ಗಳಿಸಿದರು. 1929ರ ಕುಸಿತಕ್ಕೆ ಮೊದಲೇ ಬಹುಪಾಲು ಷೇರು ಮಾರಿ ಬಚಾವಾದರು. ಉಳಿತಾಯವೆಲ್ಲ ಹಾಕಿದ್ದ ಸಾಮಾನ್ಯರು ಬೀದಿಪಾಲಾದರು.

ಅಧ್ಯಕ್ಷ ರೂಸ್ವೆಲ್ಟ್ ಕಾಲದ 1933ರ ಕಾಯ್ದೆಯಂತೆ, ಸಾರ್ವಜನಿಕರಿಗೆ ಷೇರು ಮಾರುವ ಕಂಪನಿ ತನ್ನ ನಿಜವಾದ ಲೆಕ್ಕಪತ್ರ ಬಹಿರಂಗಪಡಿಸಬೇಕಾಯಿತು. 1934ರ ಕಾಯ್ದೆ ಕೃತಕ ಬೆಲೆ ಏರಿಕೆಯನ್ನು ನಿಷೇಧಿಸಿ, ಕಾವಲಿಗೆ ಎಸ್‌ಇಸಿ ಎಂಬ ಆಯೋಗ ರಚಿಸಿತು. ಅದಕ್ಕೆ ಕೆನಡಿ ಮೊದಲ ಅಧ್ಯಕ್ಷರಾದಾಗ, ಬೇಲಿಯೇ ಹೊಲ ಮೇಯ್ದೀತೆಂದು ಹಲವರು ಟೀಕಿಸಿದರು. ಹಾಗಾಗಲಿಲ್ಲ. ಒಳದಾರಿಗಳನ್ನೆಲ್ಲ ಬಲ್ಲ ಅವರು ಆಯೋಗಕ್ಕೆ ಗಟ್ಟಿ ಬುನಾದಿ ಹಾಕಿ 1935ರಲ್ಲಿ ಹುದ್ದೆ ಬಿಟ್ಟರು.

ಮಗ ಜಾನ್ ಕೆನಡಿ ಅಮೆರಿಕದ ಅಧ್ಯಕ್ಷರಾದುದನ್ನೂ, 1963ರಲ್ಲಿ ಹತ್ಯೆಯಾದುದನ್ನೂ ಕಂಡ ಅವರು 1969ರಲ್ಲಿ ನಿಧನರಾದರು.

ನಮ್ಮಲ್ಲಿ 1988ರಲ್ಲಿ ಹುಟ್ಟಿದ ಸೆಬಿಗೆ ಕಾನೂನಿನ ಬಲ ಬಂದದ್ದು 1992ರಲ್ಲಿ. ಕಾವಲುಗಾರನಿದ್ದರೂ ಲಾಭದ ಖಾತರಿ ಇಲ್ಲ. ಕಾನೂನು ಕೊಡಿಸುವುದು ನಿಜ ತಿಳಿಯುವ ಹಕ್ಕು ಮಾತ್ರ. ಷೇರಿನಲ್ಲಿ ಹಣ ದುಪ್ಪಟ್ಟು ಮಾಡಿಕೊಡುತ್ತೇನೆಂದು ಯಾರಾದರೂ ಕಲ್ಯಾಣದುರ್ಗದ ಹಳ್ಳಿಗೆ ಬಂದರೆ, ಮೊದಲು ಸೆಬಿ ನೋಂದಣಿ ಕೇಳಿ. ದುಡ್ಡಿನ ಮಾತು ಆಮೇಲೆ.