ಮಗು ತಂದೆ-ತಾಯಿಯಂತಿಲ್ಲವೇ? ಅನುಮಾನಪಡುವ ಮುನ್ನ ಬಟಾಣಿ ಬಿತ್ತಿದ ಮೆಂಡೆಲ್ ಕಥೆ ಓದಿ

ಅಪ್ಪ-ಅಮ್ಮ ಇಬ್ಬರಲ್ಲೂ ಇಲ್ಲದ ಗುಣವೊಂದು ಮಗುವಿನಲ್ಲಿ ಕಂಡರೆ ಮನೆಯಲ್ಲಿ ಪಿಸುಮಾತು ಶುರುವಾಗುತ್ತದೆ. ಹೆಚ್ಚಿನ ಸಲ ಬೆರಳು ತೋರಿಸುವುದು ತಾಯಿಯ ಕಡೆಗೇ. ಈ ಅನುಮಾನಕ್ಕೆ ವೈಜ್ಞಾನಿಕ ಆಧಾರವಿದೆಯೇ? ಉತ್ತರಕ್ಕಾಗಿ ನಾವು ಗ್ರೆಗರ್ ಮೆಂಡೆಲ್ ಅವರ ಬದುಕನ್ನು ನೋಡೋಣ.

ಮೆಂಡೆಲ್ ಯಾರು?

ಇಂದಿನ ಜೆಕ್ ಗಣರಾಜ್ಯದ ಹಳ್ಳಿಯೊಂದರ ರೈತ ಕುಟುಂಬದಲ್ಲಿ 1822ರಲ್ಲಿ ಹುಟ್ಟಿದರು. ಓದಲು ಹಣದ ಅಡಚಣೆ. 1843ರಲ್ಲಿ ಬರ್ನೋ ನಗರದ ಕ್ರೈಸ್ತ ಮಠ ಸೇರಿದರು. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಎರಡು ಬಾರಿ ಪ್ರಯತ್ನಿಸಿದರೂ ತೇರ್ಗಡೆಯಾಗಲಿಲ್ಲ. ಹಾಗೆಂದು ಅವರು ಓದಿಲ್ಲದವರು ಎಂದುಕೊಂಡರೆ ತಪ್ಪು. 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ, ಸಸ್ಯವಿಜ್ಞಾನ ಕಲಿತಿದ್ದರು.

ತೋಟದಲ್ಲಿ ಏನಾಯಿತು?

1856ರಿಂದ ಸುಮಾರು ಎಂಟು ವರ್ಷ ಮಠದ ತೋಟದಲ್ಲಿ ಬಟಾಣಿ ಬಿತ್ತಿ ಬೆಳೆದರು. ಬಟಾಣಿ ಹೂವು ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಅದಕ್ಕೇ ಮೆಂಡೆಲ್ ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗ ಹಚ್ಚುತ್ತಿದ್ದರು.

ದುಂಡು ಕಾಳಿನ ತಳಿಯನ್ನು ಸುಕ್ಕು ಕಾಳಿನ ತಳಿಯೊಂದಿಗೆ ಕೂಡಿಸಿದಾಗ ಸಿಕ್ಕಿದ್ದೆಲ್ಲ ದುಂಡು ಕಾಳು. ಆ ಕಾಳುಗಳನ್ನೇ ಬಿತ್ತಿದರು. ಮುಂದಿನ ಫಸಲಿನಲ್ಲಿ ಸುಕ್ಕು ಕಾಳು ಮರಳಿ ಬಂತು! ಎಣಿಸಿದಾಗ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು.

ಇದರರ್ಥವೇನು? ಒಂದೊಂದು ಗುಣಕ್ಕೂ ಎರಡು ಅಂಶಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಪ್ರಬಲವಾದದ್ದು ಎದ್ದು ಕಾಣುತ್ತದೆ. ಇನ್ನೊಂದು ಅಡಗಿರುತ್ತದೆ, ಅಳಿದುಹೋಗುವುದಿಲ್ಲ.

ಜನ ಒಪ್ಪಿದರೇ?

1865ರಲ್ಲಿ ಬರ್ನೋದ ವಿಜ್ಞಾನಾಸಕ್ತರ ಸಂಘದಲ್ಲಿ ಇದನ್ನು ವಿವರಿಸಿದರು, ಮರುವರ್ಷ ಲೇಖನ ಪ್ರಕಟವಾಯಿತು. ಗಮನಿಸಿದವರು ಬಹಳ ಕಡಿಮೆ. 1868ರಲ್ಲಿ ಮಠದ ಮುಖ್ಯಸ್ಥರಾದ ಮೇಲೆ ಆಡಳಿತದಲ್ಲೇ ಮುಳುಗಿದರು. 1884ರಲ್ಲಿ ತೀರಿಕೊಂಡರು. 1900ರಲ್ಲಿ ಬೇರೆ ವಿಜ್ಞಾನಿಗಳ ಪ್ರಯೋಗಗಳಲ್ಲೂ ಇದೇ ಲೆಕ್ಕ ಬಂದಾಗಲೇ ಮೆಂಡೆಲ್ ಹೆಸರು ಜಗತ್ತಿಗೆ ತಿಳಿದದ್ದು.

ಬಳಿಕ ಕೇಂಬ್ರಿಜ್‌ನಲ್ಲಿ ಬೇಟ್ಸನ್ ಮತ್ತು ಪನೆಟ್, ಬಟಾಣಿಯ ಸಂಬಂಧಿಯಾದ ಸ್ವೀಟ್ ಪೀ ಹೂಗಿಡಗಳನ್ನು ಬೆಳೆಸಿದರು. ಎರಡು ಬಿಳಿ ಹೂವಿನ ತಳಿಗಳನ್ನು ಕೂಡಿಸಿದಾಗ ಹುಟ್ಟಿದ ಗಿಡಗಳಲ್ಲಿ ನೇರಳೆ ಹೂವು ಬಿಟ್ಟಿತು! ಬಣ್ಣ ಬರಲು ಎರಡು ಬೇರೆ ಬೇರೆ ಅಂಶಗಳು ಬೇಕಿದ್ದವು. ಒಂದು ತಳಿಯಲ್ಲಿ ಇಲ್ಲದ್ದು ಇನ್ನೊಂದರಲ್ಲಿತ್ತು.

ನಮ್ಮ ತೀರ್ಮಾನ

ಮನುಷ್ಯರ ಮೈಬಣ್ಣವನ್ನು ನಿರ್ಧರಿಸುವ ಜೀನುಗಳು ಹಲವು, ಲೆಕ್ಕ ಇನ್ನೂ ಜಟಿಲ. ಅಜ್ಜಿಯ ಬಣ್ಣ, ಮುತ್ತಜ್ಜನ ಗುಂಗುರು ಕೂದಲು ತಲೆಮಾರು ದಾಟಿ ಕಾಣಿಸಿಕೊಳ್ಳಬಹುದು. ರೂಪ, ಬಣ್ಣ ನೋಡಿ ಮಗು ಯಾರದೆಂದು ಹೇಳುವುದು ವಿಜ್ಞಾನವಲ್ಲ. ಅಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಬದಲಿಗೆ ಈ ಬಟಾಣಿಯ ಲೆಕ್ಕ ಕಳಿಸಿ.