ಅಂದದ ಬೆನ್ನು ಹತ್ತಿದ ಹರೀಶ್ ಚಂದ್ರ

ನಮ್ಮ ಊರುಗಳಿಂದ ಓದಲು ಬೆಂಗಳೂರಿಗೆ ಹೋಗುವ ಮಕ್ಕಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ಹೊಸದಲ್ಲ. ಹಿರಿಯರು ಅದನ್ನು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. 1943ರಲ್ಲಿ ಉತ್ತರ ದೇಶದ ಯುವಕನೊಬ್ಬ ಅಲ್ಲಿಗೆ ಬಂದ. ಹೆಸರು ಹರೀಶ್ ಚಂದ್ರ. ಹುಟ್ಟಿದ್ದು 1923ರ ಅಕ್ಟೋಬರ್ 11ರಂದು, ಕಾನ್ಪುರದಲ್ಲಿ. ಅವರನ್ನು ಭೌತಶಾಸ್ತ್ರಕ್ಕೆ ಸೆಳೆದದ್ದು ಅಲಹಾಬಾದ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೈಗೆ ಸಿಕ್ಕಿದ ಒಂದು ಪುಸ್ತಕ: ಕ್ವಾಂಟಮ್ ಸಿದ್ಧಾಂತದ ಮೇಲೆ ಪಾಲ್ ಡಿರಾಕ್ ಬರೆದದ್ದು.

ಈ ಡಿರಾಕ್ ಯಾರೆಂದು ಸ್ವಲ್ಪ ಹೇಳಬೇಕು. ಸಮೀಕರಣ ಸುಂದರವಾಗಿದ್ದರೆ ಸತ್ಯಕ್ಕೆ ಹತ್ತಿರವಿದ್ದೇವೆ ಎಂದು ನಂಬಿದ ವಿಜ್ಞಾನಿ ಇವರು. 1928ರಲ್ಲಿ ಎಲೆಕ್ಟ್ರಾನಿಗಾಗಿ ಅವರು ಬರೆದ ಚಿಕ್ಕ ಸಮೀಕರಣವು ಅದುವರೆಗೆ ಯಾರೂ ಕಂಡಿರದ ಒಂದು ಜೋಡಿ ಕಣವನ್ನು ಬೇಡಿತು. 1932ರಲ್ಲಿ ಆ ಕಣ ಸಿಕ್ಕಿಯೇಬಿಟ್ಟಿತು, ಅದೇ ಪಾಸಿಟ್ರಾನ್. ಇಲ್ಲಿ ಸೌಂದರ್ಯವೆಂದರೆ ಮೇಲಿನ ಅಲಂಕಾರವಲ್ಲ. ಬೇಳದ ಶೋಕಮಾತೆಯ ಇಗರ್ಜಿಯ ಕಮಾನುಗಳನ್ನು ನೋಡಿದವರಿಗೆ ಇದು ತಿಳಿಯುತ್ತದೆ: ಕಮಾನಿನ ಅಂದವನ್ನೂ ಅದು ಭಾರ ಹೊರುವ ಬಗೆಯನ್ನೂ ಬೇರೆ ಬೇರೆ ಮಾಡಲಾಗದು. (ದೇವರನ್ನು ಒಪ್ಪದೆ ಯೌವನ ಕಳೆದ ಡಿರಾಕ್‌ರನ್ನು ಮುಂದೆ 1961ರಲ್ಲಿ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಗೆ ಸದಸ್ಯರಾಗಿ ಸೇರಿಸಿಕೊಳ್ಳಲಾಯಿತು.)

ಬೆಂಗಳೂರಿನಲ್ಲಿ ಹರೀಶ್ ಚಂದ್ರರು ಹೋಮಿ ಭಾಭಾ ಅವರ ಕೈಕೆಳಗೆ ಎರಡು ವರ್ಷ ದುಡಿದರು. ಅಲಹಾಬಾದಿನಲ್ಲಿ ಅವರಿಗೆ ಫ್ರೆಂಚ್ ಕಲಿಸಿದ್ದ ಶ್ರೀಮತಿ ಕಾಳೆಯವರ ಪತಿ ಆಗ ಈ ಸಂಸ್ಥೆಯ ಗ್ರಂಥಪಾಲಕರು. ಅವರ ಮನೆಯಲ್ಲೇ ಕೆಲವು ಕಾಲ ಇದ್ದರು. ಆ ಮನೆಯ ಮಗಳು ಲಲಿತಾರನ್ನು 1952ರಲ್ಲಿ ಮದುವೆಯಾದರು.

1945ರಲ್ಲಿ ಕೇಂಬ್ರಿಜ್‌ಗೆ ಹೋಗಿ ಡಿರಾಕ್ ಅವರಿಗೇ ಶಿಷ್ಯರಾದರು. ಆದರೆ ಗುರುಗಳು ತರಗತಿಯಲ್ಲಿ ತಮ್ಮ ಪುಸ್ತಕದಲ್ಲಿದ್ದುದನ್ನೇ ಹೇಳುತ್ತಿದ್ದರಂತೆ. ಶಿಷ್ಯ ಹೋಗುವುದನ್ನು ಬಿಟ್ಟರು! ತೊಂದರೆ ಅದಲ್ಲ. ತಾವು ಕಂಡ ಫಲಕ್ಕೆ ಗಟ್ಟಿಯಾದ ಸಾಧನೆ ಇನ್ನೂ ಸಿಕ್ಕಿಲ್ಲವೆಂದು ಅವರು ಒಮ್ಮೆ ಕೊರಗಿದಾಗ, ತಮಗೆ ಸಾಧನೆ ಬೇಕಿಲ್ಲ, ಪ್ರಕೃತಿ ಏನು ಮಾಡುತ್ತದೆಂಬುದಷ್ಟೇ ಬೇಕು ಎಂಬ ಅರ್ಥದಲ್ಲಿ ಡಿರಾಕ್ ಉತ್ತರಿಸಿದರು. ಈ ಮಾತು ಹರೀಶ್ ಚಂದ್ರರನ್ನು ಯೋಚನೆಗೆ ಹಚ್ಚಿತು. ಪ್ರಕೃತಿಯ ಗುಟ್ಟನ್ನು ಮೂಸಿ ಹಿಡಿಯುವ ಆರನೆಯ ಇಂದ್ರಿಯ ತಮಗಿಲ್ಲವೆಂದು ಅವರಿಗೆ ಅನ್ನಿಸಿತು. ಇಷ್ಟಪಟ್ಟು ಆರಿಸಿಕೊಂಡ ವಿದ್ಯೆಯಲ್ಲಿ ಹಾಗೆ ಅನ್ನಿಸುವುದು ಸಣ್ಣ ನೋವಲ್ಲ. ಭೌತಶಾಸ್ತ್ರ ಗೊಂದಲದ್ದು, ಗಣಿತಕ್ಕೆ ಹೋಗುತ್ತೇನೆ ಎಂದು ಗೆಳೆಯ ಫ್ರೀಮನ್ ಡೈಸನ್‌ಗೆ ಹೇಳಿದರು. ಡೈಸನ್ ಅದೇ ಕಾರಣಕ್ಕೆ ಗಣಿತ ಬಿಟ್ಟು ಭೌತಶಾಸ್ತ್ರಕ್ಕೆ ಹೊರಟಿದ್ದರು!

1947ರಲ್ಲಿ ಡಿರಾಕ್ ಜೊತೆ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋದವರು ಗಣಿತಜ್ಞರಾಗಿಯೇ ಉಳಿದರು. ಚೆಂಡನ್ನು ಹೇಗೆ ತಿರುಗಿಸಿದರೂ ಅದು ಮೊದಲಿನಂತೆಯೇ ಕಾಣುತ್ತದಲ್ಲ, ಅಂಥ ಸಮಮಿತಿಗಳ ಗಣಿತ ಅವರದು. ಭೌತಶಾಸ್ತ್ರವನ್ನು ಬಿಟ್ಟರೂ ಅದರ ಬೇರಿನಲ್ಲಿರುವ ಅಂದವನ್ನು ಅವರು ಬಿಡಲಿಲ್ಲವೆಂದೇ ನಾವು ತಿಳಿಯುತ್ತೇವೆ. ಅವರ ಸಾಧನೆಗಳು ಮಾತ್ರ ಡಿರಾಕ್ ಸಮೀಕರಣದಂತೆ ಒಂದು ಸಾಲಿನವಲ್ಲ. ಒಂದೊಂದಕ್ಕೂ ವರ್ಷಗಟ್ಟಲೆ ಬೆವರು, ನೂರಾರು ಪುಟ. 1969ರಲ್ಲಿ ಹೃದಯಾಘಾತವಾಯಿತು. ಕೆಲಸ ನಿಲ್ಲಲಿಲ್ಲ.

1983ರ ಅಕ್ಟೋಬರ್ 16ರಂದು, 60 ತುಂಬಿ ಐದೇ ದಿನಕ್ಕೆ, ಪ್ರಿನ್ಸ್‌ಟನ್ನಿನಲ್ಲಿ ಸಂಜೆ ನಡೆಯಲು ಹೋದಾಗ ತೀರಿಕೊಂಡರು. ಅಲಹಾಬಾದಿನ ಮೆಹ್ತಾ ಸಂಶೋಧನಾ ಸಂಸ್ಥೆಗೆ 2000ದಲ್ಲಿ ಅವರ ಹೆಸರಿಟ್ಟರು. ಅಲ್ಲಿ ಗಣಿತವೂ ಸೈದ್ಧಾಂತಿಕ ಭೌತಶಾಸ್ತ್ರವೂ ಒಂದೇ ಸೂರಿನಡಿ ನಡೆಯುತ್ತಿವೆ.