ಊರು ಸರಿಯಿಲ್ಲ ಎಂದು ವಾಪಸ್ ಬಂದವರು

ನಮ್ಮ ಯೂನಿವರ್ಸಿಟಿ ಸಿಟಿಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಮೊದಲ ಹತ್ತು ನಿಮಿಷ ಊರಿನ ನೆನಪು, ಆಮೇಲೆ ಒಂದು ಗಂಟೆ ಊರಿನ ಬೈಗುಳ. ರಸ್ತೆ ಸರಿಯಿಲ್ಲ, ಕಾಸು ಬಿಚ್ಚದೆ ಫೈಲು ಜರುಗಲ್ಲ, ಹತ್ತು ಗಂಟೆ ಅಂದವನು ಹನ್ನೆರಡಕ್ಕೆ ಬರ್ತಾನೆ, ಜಾತಿ ಕೇಳದೆ ಮನೆ ಬಾಡಿಗೆಗೆ ಕೊಡಲ್ಲ. ನಾನೂ ಈ ಮಾತಿನಲ್ಲಿ ಸೇರಿಕೊಳ್ಳುವವನೇ. ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಬೈದು ಮುಗಿಸಿ ಕೈ ತೊಳೆದು ಊಟಕ್ಕೆ ಕೂರುತ್ತೇವೆ, ಅಷ್ಟೆ. ನಮಗಿಂತ ನೂರು ವರ್ಷ ಮುಂಚೆ, ನಮಗಿಂತ ಹೆಚ್ಚು ಕಟುವಾಗಿ, ಅಂಕಿ ಸಂಖ್ಯೆ ಇಟ್ಟುಕೊಂಡು ನಮ್ಮ ದೇಶವನ್ನು ಬೈದ ಒಬ್ಬರು ಇದ್ದರು. ಅವರ ಫೋಟೋ ನಮ್ಮ ಮಂಡ್ಯ ಕಡೆ ಮನೆಮನೆಯಲ್ಲಿದೆ. ಮೈಸೂರು ಪೇಟ, ಕೋಟು, ಬಿಗಿದ ಮುಖ. ಸರ್ ಎಂ. ವಿಶ್ವೇಶ್ವರಯ್ಯ.

ಸೆಪ್ಟೆಂಬರ್ 15 ಬಂತೆಂದರೆ ವಾಟ್ಸಾಪಿನಲ್ಲಿ ಎರಡು ಮೇಣದಬತ್ತಿಯ ಕತೆ, ರೈಲು ಹಳಿಯ ಕತೆ ಹರಿದು ಬರುತ್ತವೆ. ಅವನ್ನು ನಾನು ಇಲ್ಲಿ ಬರೆಯುವುದಿಲ್ಲ. ನನಗೆ ಬೇಕಾಗಿರುವುದು ಬೇರೆ ಪ್ರಶ್ನೆ. ತನ್ನ ದೇಶದ ಬದುಕು, ಅಭ್ಯಾಸ ಯಾವುದೂ ಸರಿಯಿಲ್ಲ ಅನ್ನಿಸಿದ ಮನುಷ್ಯ ಆ ಅತೃಪ್ತಿಯನ್ನು ಹೊತ್ತುಕೊಂಡು ಏನು ಮಾಡಿದ?

ಹುಟ್ಟಿದ್ದು 1860ರಲ್ಲಿ, ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ. ಕೆಲವು ಪುಸ್ತಕಗಳಲ್ಲಿ 1861 ಎಂದಿದೆ. ಮನೆತನ ಆಂಧ್ರದ ಮೋಕ್ಷಗುಂಡಂ ಕಡೆಯದು, ಮನೆಮಾತು ತೆಲುಗು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ಹುಡುಗ ಇನ್ನೂ ಶಾಲೆಯಲ್ಲಿದ್ದಾಗಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮಾಡಿದರು. ಅಲ್ಲಿಂದ ಪುಣೆಯ ಸೈನ್ಸ್ ಕಾಲೇಜು, ಎಂಜಿನಿಯರಿಂಗ್‌ನಲ್ಲಿ ಮೊದಲ ಸ್ಥಾನ, 1884ರಲ್ಲಿ ಬೊಂಬಾಯಿ ಸರ್ಕಾರದ ಪಿ.ಡಬ್ಲ್ಯು.ಡಿ. ಕೆಲಸ. ಊರು ಬಿಟ್ಟು ಬೇರೆ ಭಾಷೆಯವರ ನಡುವೆ ದುಡಿಯುವುದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸುಮಾರು 24 ವರ್ಷ ಹಾಗೇ ದುಡಿದರು. ಸಿಂಧ್‌ನ ಸಕ್ಕರ್‌ಗೆ ಕುಡಿಯುವ ನೀರು, ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟೆಗೆ ತಾನಾಗಿ ತೆರೆದು ಮುಚ್ಚುವ ಗೇಟು, ಏಡನ್ ಬಂದರಿಗೆ ನೀರು ಮತ್ತು ಚರಂಡಿಯ ಯೋಜನೆ. ಗಲ್ಫ್‌ನಲ್ಲಿರುವ ನಮ್ಮ ಹುಡುಗರು ಓದುತ್ತಿದ್ದರೆ ಗಮನಿಸಿ, ನಿಮ್ಮ ಬಿಸಿಲನ್ನು ಅವರೂ 1906ರ ಸುಮಾರಿಗೆ ಕಂಡಿದ್ದರು.

ಅವರ ತಲೆ ತಿರುಗಿಸಿದ್ದು ಜಪಾನ್. 1898ರಲ್ಲಿ ರಜೆ ಹಾಕಿ ಅಲ್ಲಿಗೆ ಹೋದರು. 1850ರ ದಶಕದವರೆಗೆ ಬಾಗಿಲು ಹಾಕಿಕೊಂಡಿದ್ದ ದೇಶ 1868ರ ನಂತರದ ಮೂವತ್ತೇ ವರ್ಷದಲ್ಲಿ ಶಾಲೆ, ಕಾರ್ಖಾನೆ, ರೈಲು, ಹಡಗು ಎಲ್ಲ ಮಾಡಿಕೊಂಡು ನಿಂತಿತ್ತು. ಅಲ್ಲಿಯವರೂ ಅನ್ನ ಉಣ್ಣುವವರೇ, ಅವರಿಗೂ ದೇವರು ದಿಂಡರು ಇದ್ದಾರೆ. ಹಾಗಾದರೆ ನಮಗೇಕೆ ಆಗಿಲ್ಲ? ಈ ಪ್ರಶ್ನೆ ಅವರನ್ನು ಸಾಯುವವರೆಗೂ ಬಿಡಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಇಲ್ಲಿಗೆ ಬಂದು ನಾಲ್ಕು ದಿನವಾದ ಮೇಲೆ ನಮ್ಮೆಲ್ಲರ ಹೊಟ್ಟೆಯಲ್ಲೂ ಏಳುವುದು ಇದೇ ಪ್ರಶ್ನೆ ತಾನೆ.

1908ರಲ್ಲಿ ಸರ್ಕಾರಿ ನೌಕರಿ ಬಿಟ್ಟರು. ಮೇಲಿನ ಕುರ್ಚಿ ಬಿಳಿಯರಿಗೆ ಮೀಸಲು, ಎಷ್ಟು ದುಡಿದರೂ ಮುಖ್ಯ ಎಂಜಿನಿಯರ್ ಆಗುವುದಿಲ್ಲ ಎಂದು ಗೊತ್ತಾಗಿತ್ತು. ಯೂರೋಪು, ಅಮೆರಿಕ ಸುತ್ತಿದರು. ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಕೊಚ್ಚಿಹಾಕಿದ್ದರಿಂದ ನಿಜಾಮರ ಕರೆ ಬಂತು, ಆ ಕೆಲಸ ನೋಡಿದರು. 1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ತಮ್ಮ ನಾಡಿಗೆ ವಾಪಸ್. ಆಗ ಅವರಿಗೆ ಐವತ್ತರ ಹತ್ತಿರ ವಯಸ್ಸು. ಹೊರಗೇ ಇದ್ದು ಸಲಹೆ ಮಾರಿಕೊಂಡು ಸುಖವಾಗಿ ಇರಬಹುದಿತ್ತು.

ಬಂದವರು ಕೈ ಹಾಕಿದ್ದು ಕನ್ನಂಬಾಡಿ ಕಟ್ಟೆಗೆ. ಇಲ್ಲಿ ನಾನು ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಇದು ನಮ್ಮ ಮನೆ ಅನ್ನದ ವಿಷಯ, ನನ್ನ ಕಸುಬಿನ ವಿಷಯವೂ ಹೌದು. ಎಲ್ಲರೂ ಕಟ್ಟೆ ಅಂದರೆ ಗದ್ದೆಗೆ ನೀರು ಅಂತಾರೆ. ಕರೆಂಟಿನ ಸಂಗತಿಯನ್ನು ಮರೀತಾರೆ. ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಶುರುವಾಗಿತ್ತು, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹಾಕಿದ ಯೋಜನೆ. ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ತೊಂದರೆ ಏನೆಂದರೆ ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು. ನೀರಿಲ್ಲದೆ ಟರ್ಬೈನ್ ತಿರುಗದು, ಗಣಿಯವರಿಗೆ ವರ್ಷಪೂರ್ತಿ ಕರೆಂಟು ಬೇಕು. ಮೇಲೆ ಎಲ್ಲಾದರೂ ನೀರು ಹಿಡಿದಿಟ್ಟು ಹದವಾಗಿ ಬಿಡಬೇಕು. ಕನ್ನಂಬಾಡಿಗೆ ಇದೂ ಒಂದು ದೊಡ್ಡ ಕಾರಣ. ಗಣಿ ಕಂಪನಿ ಕೊಡುವ ಕರೆಂಟಿನ ದುಡ್ಡಿತ್ತು, ಅದರ ಪಕ್ಕದಲ್ಲಿ ರೈತನ ನೀರಿನ ಲೆಕ್ಕವೂ ಸೇರಿತು. ಖಜಾನೆಯವರು ಹಿಂಜರಿದರು, ಮದರಾಸಿನವರು ತಕರಾರು ತೆಗೆದರು. ನಾಲ್ವಡಿ ಕೃಷ್ಣರಾಜ ಒಡೆಯರು ಹೂಂ ಅನ್ನದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಕಟ್ಟೆ ಕಟ್ಟಿದವರು ಮಹಾರಾಜರೋ ವಿಶ್ವೇಶ್ವರಯ್ಯನವರೋ ಎಂದು ನಮ್ಮ ಕಡೆ ಟೀ ಅಂಗಡಿಯಲ್ಲಿ ಈಗಲೂ ಜಗಳ ಆಗುತ್ತದೆ. ಸುಣ್ಣದ ಜೊತೆ ಇಟ್ಟಿಗೆ ಪುಡಿ ಕಲಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಹೊತ್ತ ಸಾವಿರಾರು ಕೂಲಿಗಳ ಹೆಸರು ಆ ಜಗಳದಲ್ಲಿ ಬರುವುದಿಲ್ಲ. ಮುಳುಗಿದ ಕನ್ನಂಬಾಡಿ ಊರಿನವರದ್ದೂ ಬರುವುದಿಲ್ಲ.

1911ರಲ್ಲಿ ಶುರುವಾದ ಕಟ್ಟೆ ಪೂರ್ತಿಯಾಗಲು ಇಪ್ಪತ್ತು ವರ್ಷ ಹಿಡಿಯಿತು. ಇರ್ವಿನ್ ನಾಲೆ ಎಂದು ತೋಡಿದ್ದಕ್ಕೆ ಆಮೇಲೆ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ನಮ್ಮ ತಾತನ ಹೊಲ ಗದ್ದೆಯಾದದ್ದು ಆ ವಿ.ಸಿ. ನಾಲೆಯಿಂದ.

1912ರಲ್ಲಿ ಅವರು ದಿವಾನರಾದರು. ಆರು ವರ್ಷದಲ್ಲಿ ಮಾಡಿದ ಕೆಲಸ ಓದಿದರೆ ಸುಸ್ತಾಗುತ್ತದೆ. 1913ರಲ್ಲಿ ಮೈಸೂರು ಬ್ಯಾಂಕ್, ಅದೇ ವರ್ಷ ಕಡ್ಡಾಯ ಶಿಕ್ಷಣದ ಕಾನೂನು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಗಂಧದೆಣ್ಣೆ, ಸೋಪು. ನಮ್ಮಂಥ ಸಂಘದವರು ನೆನೆಯಬೇಕಾದದ್ದು 1915ರ ಕನ್ನಡ ಸಾಹಿತ್ಯ ಪರಿಷತ್ತು. ಅದು ಹುಟ್ಟಿದ್ದು ಸಂಪದಭ್ಯುದಯ ಸಮಾಜ ಎಂಬ ಅವರ ಕಾಲದ ಚರ್ಚಾಕೂಟದಿಂದ. ಮನೆಯಲ್ಲಿ ತೆಲುಗು, ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಆದರೂ ಕನ್ನಡಕ್ಕೊಂದು ಮನೆ ಬೇಕು ಎಂದವರಲ್ಲಿ ಒಬ್ಬರು. ಇಲ್ಲಿ ಕೆಲವರು ಮನೆಮಾತು ಕೇಳಿ ಕನ್ನಡಿಗರನ್ನು ಅಳೆಯುತ್ತಾರಲ್ಲ, ಅವರಿಗೆ ಹೇಳಿದೆ.

ಈಗ ಅವರ ಬೈಗುಳಕ್ಕೆ ಬರುತ್ತೇನೆ. 1920ರಲ್ಲಿ ಅವರು ಭಾರತದ ಪುನರ್ನಿರ್ಮಾಣದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. 1934ರಲ್ಲಿ ಯೋಜಿತ ಆರ್ಥಿಕತೆಯ ಮೇಲೆ ಇನ್ನೊಂದು. ಅವರ ಪ್ರಕಾರ ನಮ್ಮ ಬಡತನಕ್ಕೆ ಬ್ರಿಟಿಷರಷ್ಟೇ ನಮ್ಮ ರೂಢಿಯೂ ಕಾರಣ. ಹಣೆಬರಹ ಎಂದು ಕೂರುವುದು, ಜಾತಿ, ಕಡಲು ದಾಟಬಾರದೆಂಬ ಮಡಿ, ಹೊತ್ತಿನ ಬೆಲೆ ಗೊತ್ತಿಲ್ಲದಿರುವುದು. ಜಪಾನ್, ಕೆನಡಾ, ಅಮೆರಿಕದ ಅಂಕಿಗಳ ಪಕ್ಕದಲ್ಲಿ ನಮ್ಮ ಅಂಕಿ ಇಟ್ಟು ತೋರಿಸುತ್ತಿದ್ದರು. ನಮ್ಮ ಹರಟೆಗೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಅವರ ಪ್ರತಿಯೊಂದು ದೂರಿನ ಕೆಳಗೂ ಶಾಲೆ ಎಷ್ಟು ಬೇಕು, ದುಡ್ಡು ಎಲ್ಲಿಂದ, ಎಷ್ಟು ವರ್ಷ ಎಂಬ ಲೆಕ್ಕ ಇರುತ್ತಿತ್ತು. ಎಸ್ಟಿಮೇಟ್ ಇಲ್ಲದ ದೂರು ಅವರಿಗೆ ಆಗುತ್ತಿರಲಿಲ್ಲ.

ಆದರೆ ಒಂದು ಜಾಗದಲ್ಲಿ ನಾನು ಅವರ ಜೊತೆ ಇಲ್ಲ. ಆಗ ಮೈಸೂರಿನ ಸರ್ಕಾರಿ ಕೆಲಸಗಳು ಹೆಚ್ಚುಕಡಿಮೆ ಬ್ರಾಹ್ಮಣರ ಕೈಯಲ್ಲೇ ಇದ್ದವು. ಉಳಿದವರು 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು ನಮಗೂ ಪಾಲು ಕೊಡಿ ಎಂದು ಕೇಳಿದರು. ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಯೋಗ್ಯತೆ ಇಳಿಯುತ್ತದೆ ಎಂಬುದು ಅವರ ವಾದ. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಬಡತನದಲ್ಲಿ ಓದಿ ಮೇಲೆ ಬಂದವರು, ಹಾಗಾಗಿ ಓದಿದರೆ ಯಾರಾದರೂ ಬರಬಹುದು ಎಂದುಕೊಂಡರು. ಆದರೆ ಪಂಡಿತರ ಮನೆಯ ಬಡತನ ಬೇರೆ, ನಮ್ಮ ತಾತನ ಬಡತನ ಬೇರೆ. ಅವರ ಮನೆಯಲ್ಲಿ ದುಡ್ಡಿಲ್ಲದಿದ್ದರೂ ಪುಸ್ತಕ ಇತ್ತು. ನಮ್ಮ ತಾತ ಹೆಬ್ಬೆಟ್ಟು. ನನಗೆ ಐಟಿಐ ಸೀಟು ಸಿಕ್ಕಿದ್ದು ಮೀಸಲಾತಿಯಲ್ಲಿ. ಮಿಲ್ಲರ್ ಸಮಿತಿ ಹಾಕಿದ ದಾರಿಯ ಕೊನೆಯಲ್ಲಿ ನಾನು ಇದ್ದೇನೆ. ಊರಿನ ಗದ್ದೆಗೆ ನೀರು ಅವರಿಂದ, ನನ್ನ ಕೈಗೆ ಕಸುಬು ಅವರು ಬೇಡವೆಂದದ್ದರಿಂದ. ಎರಡನ್ನೂ ಹೇಳದೆ ಅವರ ಜೀವನ ಬರೆದರೆ ಅದು ಬರೀ ಹಾರ ಹಾಕಿದಂತೆ.

ದಿವಾನಗಿರಿ ಬಿಟ್ಟ ಮೇಲೆ ಇನ್ನೊಂದು ಸಲ ಜಪಾನ್, ಅಮೆರಿಕ, ಯೂರೋಪ್ ಪ್ರವಾಸ ಹೋದರು. ಈ ದೇಶದ ಕಾರ್ಖಾನೆ ಕಂಡು ಬೆರಗಾದರು. ಬೆರಗಾಗುವಂಥದ್ದು ಇತ್ತು ಬಿಡಿ. ಆದರೆ ಅದೇ ಹೊತ್ತಿನಲ್ಲಿ ಈ ದೇಶ ನನ್ನಂಥವನಿಗೆ ಬಾಗಿಲು ಹಾಕಿತ್ತು. 1917ರ ವಲಸೆ ಕಾನೂನಿನಲ್ಲಿ ಭಾರತದ ಕೂಲಿಯವರಿಗೆ ಪ್ರವೇಶ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1913ರ ಕಾನೂನಿನ ಪ್ರಕಾರ ಪೌರತ್ವಕ್ಕೆ ಅರ್ಹರಲ್ಲದ ವಲಸಿಗರು ತಮ್ಮ ಹೆಸರಲ್ಲಿ ಜಮೀನು ಕೊಳ್ಳುವಂತಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಭಾರತೀಯರಿಗೆ ಪೌರತ್ವವೂ ಇಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿತು. 1946ರಲ್ಲಿ ಬಾಗಿಲು ಸಂದು ಬಿಟ್ಟಿತು, ವರ್ಷಕ್ಕೆ 100 ಜನ.

ಲಾಸ್ ಏಂಜಲೀಸ್ ಕಡೆ ಕೆಲಸವಿದ್ದಾಗ ಐ-5 ರಸ್ತೆಯಲ್ಲಿ ಸಿಲ್ಮಾರ್ ಹತ್ತಿರ ಗುಡ್ಡದ ಮೇಲಿಂದ ನೀರು ಇಳಿಯುವುದನ್ನು ನೀವೂ ನೋಡಿರುತ್ತೀರಿ. ಅದು ವಿಲಿಯಂ ಮಲ್‌ಹಾಲೆಂಡ್ ಎಂಬ ಎಂಜಿನಿಯರ್ 233 ಮೈಲಿ ದೂರದಿಂದ ತಂದ ಕಾಲುವೆ, 1913ರಲ್ಲಿ ತೆರೆದದ್ದು. ಕನ್ನಂಬಾಡಿ ಮೇಲೇಳುತ್ತಿದ್ದ ಕಾಲ. ಆ ನೀರಿಗಾಗಿ ಓವೆನ್ಸ್ ಕಣಿವೆಯ ರೈತರು ಒಣಗಿದರು, ಸಿಟ್ಟಿನಲ್ಲಿ ಕಾಲುವೆಗೆ ಡೈನಮೈಟ್ ಇಟ್ಟರು. 1928ರ ಮಾರ್ಚ್‌ನಲ್ಲಿ ಅವನೇ ಕಟ್ಟಿಸಿದ ಸೇಂಟ್ ಫ್ರಾನ್ಸಿಸ್ ಕಟ್ಟೆ ರಾತ್ರೋರಾತ್ರಿ ಒಡೆದು ನಾನೂರಕ್ಕಿಂತ ಹೆಚ್ಚು ಜನ ಸತ್ತರು. ಸುರ್ಕಿ ಗಾರೆಯ ನಮ್ಮ ಕಟ್ಟೆ ನಿಂತಿದೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಎಲ್ಲ ಊರಿನಲ್ಲೂ ನೀರು ಯಾರದೋ ಗಂಟಲಿಂದಲೇ ಬಂದಿರುತ್ತದೆ ಎಂದು ಹೇಳಿದೆ.

ನನ್ನ ಕಸುಬಿನಲ್ಲೂ ಇದೇ ಪಾಡು. ಊರಿನಲ್ಲಿ 230 ವೋಲ್ಟ್, 50 ಹರ್ಟ್ಸ್. ಇಲ್ಲಿ 120, 60. ಊರಿನಲ್ಲಿ ಕಪ್ಪು ತಂತಿ ಅಂದರೆ ನ್ಯೂಟ್ರಲ್, ಇಲ್ಲಿ ಕಪ್ಪು ಅಂದರೆ ಫೇಸ್. ಅಲ್ಲಿಯ ಸರ್ಟಿಫಿಕೇಟು ಇಲ್ಲಿ ಗೋಡೆಗೆ ಹಾಕಲಿಕ್ಕೆ, ಕ್ಯಾಲಿಫೋರ್ನಿಯಾದಲ್ಲಿ ಜನರಲ್ ಎಲೆಕ್ಟ್ರಿಷಿಯನ್ ಆಗಲು 8,000 ಗಂಟೆ ಕೆಲಸ ತೋರಿಸಬೇಕು. ಹೆಂಡತಿ ಕಡೆಯ ವೀಸಾದಲ್ಲಿ ಬಂದ ನಾನು ಮೂವತ್ತು ದಾಟಿದ ಮೇಲೆ ಮತ್ತೆ ಟ್ರೈನಿ. ಒಂದು ಸೈಟಿನಲ್ಲಿ ಮೇಸ್ತ್ರಿ ನನ್ನ ಹೆಸರು ಬಾಯಿಗೆ ಬರುವುದಿಲ್ಲವೆಂದು ಆರು ತಿಂಗಳು ಬರೀ ಸಿಳ್ಳೆ ಹಾಕಿ ಕರೆದ. ಊರಿನಲ್ಲಿ ಜಾತಿ ಕೇಳಿ ಲೋಟ ಬೇರೆ ಇಟ್ಟಿದ್ದು ಆಗ ನೆನಪಾಯಿತು.

ವಿಶ್ವೇಶ್ವರಯ್ಯನವರ ಮುಂದಿನ ಕತೆ ಬೇಗ ಹೇಳುತ್ತೇನೆ. 1923ರಿಂದ 1929ರವರೆಗೆ ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಮಂಡಳಿಗೆ ಅಧ್ಯಕ್ಷರಾದರು. ಅದು ಬಿಳಿ ಆನೆ ಎಂದು ಹೇಳಿದವರು ಬಹಳ. 1935ರಲ್ಲಿ ಎಪ್ಪತ್ತೈದರ ಹತ್ತಿರದಲ್ಲಿ ಮೋಟಾರು ಕಾರ್ಖಾನೆ ಹೇಗೆ ಮಾಡುವುದೆಂದು ನೋಡಲು ಮತ್ತೆ ಯೂರೋಪ್, ಅಮೆರಿಕ ಸುತ್ತಿದರು. ವಾಪಸ್ ಬಂದು ಸರ್ಕಾರಗಳ ಬಾಗಿಲು ಬಡಿದರು, ಅವರಂದುಕೊಂಡ ಹಾಗೆ ಆಗಲಿಲ್ಲ.

ನನಗೆ ಇಷ್ಟವಾದದ್ದು 1943ರ ಕೆಲಸ. ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು, ಈಗ ಎಸ್.ಜೆ. ಪಾಲಿಟೆಕ್ನಿಕ್ ಅನ್ನುತ್ತಾರೆ. ಭದ್ರಾವತಿಯ ದುಡಿಮೆಗೆ ತಮಗೆ ಬಂದ ಹಣವನ್ನು ಇದಕ್ಕೆ ಕೊಟ್ಟರು. ಎಂಜಿನಿಯರಿಂಗ್ ಕಾಲೇಜು ಮಾಡಿ ಇಪ್ಪತ್ತಾರು ವರ್ಷದ ಮೇಲೆ ಈ ಕೆಲಸ. ಡ್ರಾಯಿಂಗ್ ಬರೆಯುವವನು ಸಾಕಷ್ಟು ಆದ, ಅದನ್ನು ನೋಡಿ ಸರಿಯಾಗಿ ವೈರ್ ಎಳೆಯುವವನು ಎಲ್ಲಿ ಎಂದು ಅವರಿಗೆ ಅನ್ನಿಸಿರಬೇಕು. ಇಂಥ ಶಾಲೆಗಳ ಬಾಗಿಲಲ್ಲೇ ಆಮೇಲೆ ನಮ್ಮಂಥ ಹಳ್ಳಿ ಹುಡುಗರು ಚಪ್ಪಲಿ ಬಿಟ್ಟು ಒಳಗೆ ಹೋದದ್ದು.

ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾ ಹತ್ತಿರ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕು ಎಂದು ನೋಡಲು ಹೋಗಿದ್ದರು. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ನೂರು ದಾಟಿತ್ತು. ಅಂತ್ಯಸಂಸ್ಕಾರ ಮುದ್ದೇನಹಳ್ಳಿಯಲ್ಲಿ. ಅವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ನಂದಿ ಬೆಟ್ಟಕ್ಕೆ ಹೋಗುವವರಿಗೆ ಅದು ಹತ್ತಿರದಲ್ಲೇ ಸಿಗುತ್ತದೆ. ಮುಂದಿನ ಸಲ ರಜೆಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.